‘ಎಲ್ಲ ಸಮಾಜಗಳಲ್ಲೂ ಇದೆ’ ಎಂಬ ಮಾತನ್ನು ಪರೀಕ್ಷಿಸುವ ಬಗೆ

ಯಾವುದೇ ಮೌಲ್ಯ ಸಾರ್ವತ್ರಿಕವೇ ಎಂದು ನೋಡಬೇಕಾದರೆ, ಮೊದಲು ಅದನ್ನು ಕಣ್ಣಿಗೆ ಕಾಣುವ ಆಚರಣೆಯ ಮಟ್ಟಕ್ಕೆ ಇಳಿಸಿಕೊಳ್ಳಿ. ‘ಹಿರಿಯರ ಮೇಲಿನ ಗೌರವ’ ಎಂದರೆ ಎಲ್ಲೆಡೆಯೂ ಸಿಕ್ಕಿಬಿಡುತ್ತದೆ; ‘ಸತ್ತವರಿಗೆ ಊಟ ಬಡಿಸುವುದು’ ಎಂದು ಬರೆದುಕೊಂಡರೆ ಹುಡುಕಾಟಕ್ಕೆ ಹಿಡಿತ ಬರುತ್ತದೆ. ಪಿತೃಪಕ್ಷದಲ್ಲಿ ನಮ್ಮ ಹಳ್ಳಿಗಳಲ್ಲಿ ಎಡೆಯಿಟ್ಟು, ಹೋದವರು ಇಷ್ಟಪಡುತ್ತಿದ್ದ ತಿಂಡಿ, ಎಲೆಯಡಿಕೆ, ಕೆಲವು ಮನೆಗಳಲ್ಲಿ ಬೀಡಿಯನ್ನೂ ಜೋಡಿಸುತ್ತಾರೆ. ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2ರಂದು ಚೆಂಡುಹೂಗಳ ನಡುವೆ ಬ್ರೆಡ್ಡು, ಹಣ್ಣು ಇಡುತ್ತಾರೆ. ಚೀನಾದಲ್ಲಿ ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಸಮಾಧಿಯನ್ನು ಗುಡಿಸಿ ಆಹಾರ ಅರ್ಪಿಸುತ್ತಾರೆ.

ಹೋಲಿಕೆ ಕಂಡೊಡನೆ ಎರವಲಿನ ಸಾಧ್ಯತೆಯನ್ನು ವಿಚಾರಿಸಿ. 1888ರಲ್ಲಿ ಮಾನವಶಾಸ್ತ್ರಜ್ಞ ಟೈಲರ್ ಹಲವು ಸಮಾಜಗಳ ಪದ್ಧತಿಗಳನ್ನು ಎಣಿಸಿ ತೋರಿಸಿದಾಗ, ಇವುಗಳಲ್ಲಿ ಎಷ್ಟು ಒಂದೇ ಮೂಲದಿಂದ ಹರಡಿದವು ಎಂದು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಕೇಳಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ. (ನಮ್ಮ ಚೆಂಡುಹೂವೇ ಮೆಕ್ಸಿಕೊ ಕಡೆಯಿಂದ ಬಂದದ್ದು, ಎಡೆ ಇಡುವ ಪದ್ಧತಿ ಹಾಗೆ ಬಂದದ್ದಲ್ಲ.)

ಅನಂತರ ವಿರುದ್ಧ ಸಾಕ್ಷ್ಯವನ್ನು ಬೇಕೆಂದೇ ಹುಡುಕಿ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯವಾದ, ಆದರೆ ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ. 16ನೆಯ ಶತಮಾನದ ಪ್ರಾಟೆಸ್ಟೆಂಟ್ ಸುಧಾರಕರು ಸತ್ತವರಿಗಾಗಿ ಪ್ರಾರ್ಥಿಸುವುದನ್ನೇ ತಿರಸ್ಕರಿಸಿದರು.

ಕೊನೆಗೆ, ‘ಎಲ್ಲರೂ’ ಎಂಬ ಪದದೊಳಗೆ ಯಾರಿದ್ದಾರೆಂದು ನೋಡಿ. ವಿಶ್ವಸಂಸ್ಥೆಯಲ್ಲಿ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಪರವಾಗಿ 48 ಮತಗಳು ಬಿದ್ದವು, 8 ದೇಶಗಳು ತಟಸ್ಥವಾಗಿದ್ದವು. ಅದರ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂಬ ಅರ್ಥಕ್ಕೂ ಎಡೆಗೊಡುತ್ತಿದ್ದ ಪದವನ್ನು ‘ಎಲ್ಲ ಮಾನವರು’ ಎಂದು ಬದಲಿಸಲು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಪಟ್ಟುಹಿಡಿಯಬೇಕಾಯಿತು.