ಕಚೇರಿಯ ಹಾಡುಬಳಗ: ಶ್ರುತಿ, ಮಳೆ, ವರ್ಗಾವಣೆ

ಸರ್ಕಾರಿ ಕಚೇರಿಯಲ್ಲಿ ಹಾಡುವ ಗುಂಪು ಹುಟ್ಟುವುದೇ ನವೆಂಬರ್ 1ಕ್ಕೆ ವಾರ ಇರುವಾಗ. ರಾಜ್ಯೋತ್ಸವಕ್ಕೆ ನಾಡಗೀತೆ ಹಾಡಲು ಜನ ಬೇಕು, ಹೆಸರು ಬರೆದುಕೊಳ್ಳುತ್ತಾರೆ, ಮಾರನೆಯ ದಿನ ಗುಂಪು ಕರಗುತ್ತದೆ. ಮಡಿಕೇರಿಯ ನಮ್ಮ ಬಳಗ ಶುರುವಾದದ್ದೂ ಹಾಗೆಯೇ. ಅದು ವರ್ಷವಿಡೀ ಉಳಿಯಬೇಕಾದರೆ ಏನೇನು ಸರಿ ಇರಬೇಕು ಎನ್ನುವುದಷ್ಟೇ ಇಲ್ಲಿನ ಮಾತು.

ಮೊದಲು ನಾಡಗೀತೆ. 2004ರಲ್ಲಿ ಘೋಷಣೆಯಾದ ಮೇಲೂ ಧಾಟಿಯ ಜಗಳ ತೀರಿರಲಿಲ್ಲ. ಒಬ್ಬೊಬ್ಬರು ತಾವು ಕಲಿತ ಧಾಟಿಯನ್ನೇ ಎಳೆಯುತ್ತಿದ್ದರು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಆಲಾಪವಿಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಗೊತ್ತುಮಾಡಿದ್ದರಿಂದ ಆ ತಲೆನೋವು ಹೋಯಿತು. ಆದರೆ ಅಭ್ಯಾಸವಿಲ್ಲದ ಗುಂಪು ಇದನ್ನೇ ಮೂರು ನಿಮಿಷ ದಾಟಿಸುತ್ತದೆ. ಪ್ರತಿಯೊಬ್ಬರೂ ಪಕ್ಕದವರ ದನಿ ಕೇಳಿಸಲಿ ಎಂದು ಕಾಯುವುದೇ ಕಾರಣ. ರಾಗ ಬಿಟ್ಟು, ತಾಳಕ್ಕೆ ಸರಿಯಾಗಿ ಸಾಹಿತ್ಯವನ್ನು ಎರಡು ಸಲ ಬರೀ ಮಾತಿನಲ್ಲಿ ಹೇಳಿಸಿ; ಆಮೇಲೆ ಹಾಡಿಸಿದರೆ ಎಳೆತ ಬಹುಪಾಲು ನಿಲ್ಲುತ್ತದೆ.

ಗುಂಪು ಒಡೆಯುವುದು ಶ್ರುತಿಯಲ್ಲಿ, ಅಂದರೆ ಹಾಡಿನ ಷಡ್ಜ (ಸ) ಯಾವ ಮನೆಗೆ ಎನ್ನುವಲ್ಲಿ. ಮನೆ ಎಂದರೆ ಹಾರ್ಮೋನಿಯಂನ ಕೀಲಿ: ಬಿಳಿಯವು ಒಂದು, ಎರಡು ಎಂದು, ನಡುವಿನ ಕರಿಯವು ಒಂದೂವರೆ, ಎರಡೂವರೆ ಎಂದು. ಸಾಮಾನ್ಯವಾಗಿ ಹೆಂಗಸರಿಗೆ ಐದೂವರೆ ಮನೆ, ಗಂಡಸರಿಗೆ ಒಂದು ಅಥವಾ ಒಂದೂವರೆ ಮನೆ ಹಿತ. ಯಾರಿಗೂ ಬೇಜಾರಾಗದಿರಲಿ ಎಂದು ಎಲ್ಲ ಹಾಡನ್ನೂ ಮೂರು ಮನೆಗೋ ನಾಲ್ಕಕ್ಕೋ ಇಟ್ಟರೆ ಗಂಡಸರು ತಾರ (ಮೇಲಿನ) ಷಡ್ಜದಲ್ಲಿ ಕಿರುಚುತ್ತಾರೆ, ಹೆಂಗಸರು ಮಂದ್ರದಲ್ಲಿ (ಕೆಳಗಿನ ಸ್ವರಗಳಲ್ಲಿ) ಗೊಣಗುತ್ತಾರೆ. ಷಡ್ಜ ನೋಡಿ ಶ್ರುತಿ ಇಡಬೇಡಿ, ಹಾಡಿನ ತಳ ಮತ್ತು ತುದಿ ನೋಡಿ ಇಡಿ. ಹಾರ್ಮೋನಿಯಂನ ಮೂರು ಸ್ಥಾಯಿಗಳಲ್ಲಿ (ಏಳು ಬಿಳಿ ಮನೆಗಳ ಒಂದೊಂದು ಸುತ್ತು) ಕೆಳಗಿನದರ ಆರನೇ ಬಿಳಿ ಮನೆ ತಳವಾಗಿ, ಮೇಲಿನದರ ಎರಡನೇ ಬಿಳಿ ಮನೆ ತುದಿಯಾಗಿ ಇದ್ದರೆ ಗಂಡಸರು ಆರಾಮವಾಗಿ ಹಾಡುತ್ತಾರೆ; ಹೆಂಗಸರು ಅದನ್ನೇ ಒಂದು ಸ್ಥಾಯಿ ಮೇಲೆ ಹಿಡಿಯುತ್ತಾರೆ. ಮಧ್ಯ ಷಡ್ಜದಿಂದ ತಾರ ಷಡ್ಜದೊಳಗೆ ಮುಗಿಯುವ ಹಾಡಿಗೆ ಒಂದೂವರೆ ಮನೆ ಸಾಕು. ಮಂದ್ರ ಪಂಚಮಕ್ಕೆ (ಪ) ಇಳಿದು, ಮೇಲೆ ಮಧ್ಯದ ಧೈವತದಿಂದಲೇ (ದ) ಹಿಂದಿರುಗುವ ಹಾಡನ್ನು ನಾಲ್ಕು ಮನೆಗೆ ಏರಿಸಬಹುದು. ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ (ಗ) ಓಡಾಡುವ ಭಾವಗೀತೆ ಎಷ್ಟೇ ಚೆನ್ನಾಗಿರಲಿ, ಗುಂಪಿಗೆ ಬೇಡ. ತೀರಾ ಆಸೆಯಿದ್ದರೆ ಮೇಲಿನ ಸಾಲನ್ನು ಒಬ್ಬರಿಗೇ ಕೊಡಿ.

ಹಾಡು ಮುಗಿಯುವ ಹೊತ್ತಿಗೆ ಅರ್ಧ ಮನೆ ಜಾರಿರುವುದು ಇನ್ನೊಂದು ಕಾಯಿಲೆ. ಸಾಲಿನ ಕೊನೆಯಲ್ಲಿ ಉಸಿರು ಸಾಲದೆ ಸ್ವರ ಕುಸಿಯುತ್ತದೆ, ಮುಂದಿನ ಸಾಲು ಆ ಕುಸಿದ ಜಾಗದಿಂದಲೇ ಏಳುತ್ತದೆ. ಸಾಹಿತ್ಯದ ಹಾಳೆಯಲ್ಲಿ ಉಸಿರು ತೆಗೆಯುವ ಜಾಗಕ್ಕೆ ಕೆಂಪು ಗೆರೆ ಹಾಕಿ. ಮೊಬೈಲಿನ ತಂಬೂರಿಯನ್ನು ಸಣ್ಣ ಸ್ಪೀಕರಿಗೆ ಕೊಟ್ಟು ಗುಂಪಿನ ನಡುವೆ ಇಡಿ, ಮೆಲ್ಲಗೆ. ಜೋರಾಗಿಟ್ಟರೆ ಅದರ ಮೇಲೆ ಕೂಗಲು ಹೋಗಿ ಮತ್ತೆ ಶ್ರುತಿ ಕೆಡುತ್ತದೆ. ಸ್ವರ ಸೇರದವರನ್ನು ಕಳಿಸಿಬಿಡಬೇಡಿ: ಅವರಿಗೆ ಸಲೀಸಾಗಿ ಬರುವ ಸ್ವರವನ್ನು ನೀವೇ ಹುಡುಕಿ ಹಿಡಿದು, ಅಲ್ಲಿಂದ ಅರ್ಧರ್ಧ ಮನೆ ಏರಿಸುತ್ತ ಹೋದರೆ ಬಹಳಷ್ಟು ಜನ ಸೇರುತ್ತಾರೆ. ನಿಲ್ಲಿಸುವಾಗ ಅವರನ್ನು ಗಟ್ಟಿ ದನಿಯ ಇಬ್ಬರ ನಡುವೆ ಇರಿಸಿ, ಸಾಲಿನ ತುದಿಯಲ್ಲಿ ಬೇಡ.

ನಾಡಗೀತೆ ಕೂತ ಮೇಲೆ ಪುತ್ತರಿಯ (ಕೊಡಗಿನ ಸುಗ್ಗಿ ಹಬ್ಬ) ಕಾಲಕ್ಕೆ ದುಡಿಕೊಟ್ಟ್ ಪಾಟ್, ಅಂದರೆ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತ ಹಾಡುವ ಕೊಡವರ ಹಾಡು. ಅಲ್ಲಿ ನಾಲ್ವರು, ಎರಡು ಜೋಡಿ. ಒಂದು ಜೋಡಿ ಬಿಟ್ಟಲ್ಲಿಂದ ಇನ್ನೊಂದು ಎತ್ತಿಕೊಳ್ಳುತ್ತದೆ. ಬೇರೆ ಹಾಡುಗಳಿಗೂ ಇದೇ ಕ್ರಮ ಹಿಡಿದರೆ ಉಸಿರಿನ ಸಮಸ್ಯೆ ಅರ್ಧ ಬಗೆಹರಿಯುತ್ತದೆ. ಹದಿನಾರು ಜನರಿದ್ದರೆ ಎಂಟೆಂಟು ಮಾಡಿ, ಎರಡೂ ಕಡೆ ಒಬ್ಬೊಬ್ಬ ಗಟ್ಟಿಗರಿರಲಿ. ಸಾಹಿತ್ಯಕ್ಕೆ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಅಚ್ಚು ಹಾಕಿಸಿದ ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ ಇದೆ. ಆದರೆ ಧಾಟಿಯನ್ನು ಪುಸ್ತಕ ಕೊಡದು, ಊರಿನಲ್ಲಿ ಹಾಡುವ ಹಿರಿಯರ ಬಳಿ ಕೂತೇ ಕಲಿಯಬೇಕು. ಕೊಡವ ತಕ್ಕ್ (ಕೊಡವ ಭಾಷೆ) ಬಾರದವರಿಗೆ ಸಾಲಿನ ಅರ್ಥ ಮೊದಲೇ ಹೇಳಿಬಿಡಿ. ಅರ್ಥ ಗೊತ್ತಿಲ್ಲದ ಬಾಯಿ ಪದವನ್ನು ಎಲ್ಲೆಂದರಲ್ಲಿ ಮುರಿಯುತ್ತದೆ.

ಅಭ್ಯಾಸ ವಾರಕ್ಕೆರಡು ದಿನ, ಊಟದ ವಿರಾಮದ ಮೊದಲ ಇಪ್ಪತ್ತು ನಿಮಿಷ. ಊಟ ಆಮೇಲೆ, ಹೊಟ್ಟೆ ತುಂಬಿದರೆ ಉಸಿರು ಕೆಳಗಿಳಿಯದು. ಸಂಜೆ ಇಟ್ಟುಕೊಳ್ಳಬೇಡಿ: ಊರಿನ ಬಸ್ಸು ತಪ್ಪಿದರೆ ಮುಂದಿನ ವಾರ ಆ ವ್ಯಕ್ತಿ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟ್ ಮಾಡಿನ ಕೆಳಗೆ ಏನೂ ಕೇಳಿಸದು. ಮೆಟ್ಟಿಲ ಬಳಿ ದನಿ ಗುಂಯ್‌ಗುಟ್ಟಿ ಚೆನ್ನಾಗಿದೆ ಅನ್ನಿಸುತ್ತದೆ, ತಪ್ಪೆಲ್ಲ ಅದರಲ್ಲೇ ಮುಚ್ಚಿಹೋಗುತ್ತದೆ. ಕಡತ ತುಂಬಿದ ರೆಕಾರ್ಡ್ ರೂಮೇ ಲೇಸು. ಥಂಡಿಗೆ ಹಾರ್ಮೋನಿಯಂನ ಮನೆಗಳು ಉಬ್ಬಿ ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತವೆ, ರೀಡಿಗೆ ತುಕ್ಕು ಹಿಡಿಯುತ್ತದೆ, ದುಡಿಯ ಚರ್ಮ ಸಡಿಲಾಗುತ್ತದೆ. ಎರಡನ್ನೂ ಬಾಗಿಲಿರುವ ಕಪಾಟಿನಲ್ಲಿಟ್ಟು, ತಾಗದ ಹಾಗೆ ಒಂದು ಹಳೆಯ ಕಾಲದ 15 ವ್ಯಾಟ್ ಬಲ್ಬು ಉರಿಸಿ. ಎಲ್‌ಇಡಿ ಹಾಕಿ ಪ್ರಯೋಜನವಿಲ್ಲ, ಬೇಕಾದದ್ದು ಬೆಳಕಲ್ಲ, ಕಾವು.

2020ರಲ್ಲಿ ಒಟ್ಟಿಗೆ ನಿಲ್ಲುವಂತಿರಲಿಲ್ಲ. ವಿಡಿಯೋ ಕರೆಯಲ್ಲಿ ಕೂಡಿ ಹಾಡುವುದು ಆಗದ ಕೆಲಸ. ದನಿ ತಡವಾಗಿ ತಲುಪುವುದರಿಂದ ತಾಳ ಕೂಡುವುದಿಲ್ಲ. ಆಗುವ ದಾರಿ ಇದು: ತಂಬೂರಿ, ತಾಳ ಮತ್ತು ಒಬ್ಬರ ಹಾಡು ಇರುವ ಮಾದರಿ ಧ್ವನಿಮುದ್ರಿಕೆಯನ್ನು ಎಲ್ಲರಿಗೂ ಕಳಿಸಿ. ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತ, ಇನ್ನೊಂದು ಫೋನಿನಲ್ಲಿ ತಮ್ಮ ದನಿ ಮಾತ್ರ ಹಿಡಿಯಲಿ. ಮಾದರಿಯ ನಾಲ್ಕನೇ ಎಣಿಕೆಗೆ ಒಂದು ಚಪ್ಪಾಳೆ ಹೊಡೆದರೆ ಜೋಡಿಸುವವರಿಗೆ ಗುರುತು ಸಿಗುತ್ತದೆ. ಈಗಲೂ ದೂರದ ತಾಲ್ಲೂಕು ಕಚೇರಿಯವರಿಗೆ ಇದೇ ಕ್ರಮದಲ್ಲಿ ಕಲಿಸಬಹುದು.

ವೇದಿಕೆಯಲ್ಲಿ ಒಂದೇ ಮೈಕ್ ಕೊಟ್ಟರೆ ಮುಂದಿನ ಇಬ್ಬರಷ್ಟೇ ಕೇಳಿಸುತ್ತಾರೆ. ಎರಡು ಮೈಕ್ ಕೇಳಿ ಪಡೆದು, ಹಾಡುವವರಿಂದ ಮೂರಡಿ ದೂರದಲ್ಲಿ ನಿಲ್ಲಿಸಿ. ಸ್ಪೀಕರು ಮೈಕಿಗಿಂತ ಮುಂದಿರಲಿ, ಇಲ್ಲದಿದ್ದರೆ ಕೂಗುತ್ತದೆ.

ವರ್ಗಾವಣೆಯ ಹೊಡೆತ ಬೀಳುವುದು ಬಹುತೇಕ ಮೇ, ಜೂನ್‌ನಲ್ಲಿ. ಹಾರ್ಮೋನಿಯಂ ನುಡಿಸುವವರು ಒಬ್ಬರೇ ಇದ್ದರೆ ಬಳಗ ಅವರ ಜೊತೆಗೇ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಎರಡನೆಯವರನ್ನು ತಯಾರು ಮಾಡಿ; ಪೂರ್ತಿ ನುಡಿಸಲು ಬಾರದಿದ್ದರೂ ಮೊದಲ ಸ್ವರ ಕೊಡಲು ಬಂದರೆ ಸಾಕು. ಹಾಡಿನ ಹೆಸರು, ಎಷ್ಟು ಮನೆ, ಎತ್ತುಗಡೆಯ ಸ್ವರ, ಗುಂಪಿನ ಯಾವ ಅರ್ಧ ಮೊದಲು ಹಾಡಬೇಕು, ಇಷ್ಟನ್ನು ಪಟ್ಟಿ ಮಾಡಿ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ.