ಬೆಣಚು ಕಲ್ಲು, ಹಳೇ ಅರ ಮತ್ತು ಒದ್ದೆ ಕಟ್ಟಿಗೆ

ದೀಪಾವಳಿಗೆ ಹತ್ತು ದಿನ ಮೊದಲು, ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಹೆಗ್ಗರಣೆ ಹತ್ತಿರದ ಮಾವನ ಅಡಿಕೆ ತೋಟದ ಅಂಚಿನಲ್ಲಿ, ಬೆಂಕಿಪೊಟ್ಟಣ ಮುಟ್ಟದೆ ಒಲೆ ಹೊತ್ತಿಸಿ ನಾಲ್ಕು ಜನಕ್ಕೆ ಊಟ ಹಾಕಿದೆ. ಎರಡು ವರ್ಷದಿಂದ ನನ್ನ ಈ ಹುಚ್ಚಿಗೆ ನಗುತ್ತಿದ್ದವರೇ ಆ ನಾಲ್ಕರಲ್ಲಿ ಮೂವರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಭಾವನದು ಒಂದೇ ಜೋಕು. ನಾನು ಬ್ಯಾಗ್ ಬಿಚ್ಚಿದ ಕೂಡಲೇ, "ಕರ್ಪೂರ ತಂದಿದ್ರೆ ಕೊಡಿ ಭಾವ, ಆರತಿ ಮಾಡಿ ಮನೆಗೆ ಹೋಗೋಣ" ಅನ್ನುತ್ತಾನೆ. ಕರ್ಪೂರ, ಸೀಮೆಎಣ್ಣೆ, ಪ್ಲಾಸ್ಟಿಕ್, ಲೈಟರ್ ಯಾವುದೂ ಇಲ್ಲ ಅನ್ನುವುದು ನನ್ನ ನಿಯಮ. ನಿಯಮ ಮಾಡಿದ್ದು ನಾನೇ, ಅನುಭವಿಸಿದ್ದೂ ನಾನೇ.

ಮೊದಲು ದುಡ್ಡಿನ ಲೆಕ್ಕ. ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಫೆರೋ ರಾಡ್ (ಕೆರೆದರೆ ಕಿಡಿ ಹಾರಿಸುವ ಲೋಹದ ಕಡ್ಡಿ) ಸುಮಾರು 280 ರೂಪಾಯಿ. ಕಿಡಿ ಬರುತ್ತಿತ್ತು, ಸುರುಸುರು ಬತ್ತಿಯಷ್ಟು, ಅಷ್ಟೇ. ಎರಡನೆಯದು 600ರ ಹತ್ತಿರ, ಅದು ಚೆನ್ನಾಗಿತ್ತು. ಚಾಕುವಿಗೆ ಸಾವಿರದ ಏಳುನೂರೋ ಎಂಟುನೂರೋ ಕೊಟ್ಟೆ. ಹೆಂಡತಿಗೆ ಹೇಳಿದ್ದು ಏಳುನೂರು. ಉಳಿದ ಸಾಮಾನೂ ಸೇರಿ ನಾಲ್ಕು ಸಾವಿರ ದಾಟಿತು. ಕೊನೆಗೆ ಕೆಲಸಕ್ಕೆ ಬಂದದ್ದು ಗುಜರಿ ಅಂಗಡಿಯಲ್ಲಿ 20 ರೂಪಾಯಿಗೆ ಸಿಕ್ಕ, ಕಬ್ಬಿಣ ಉಜ್ಜುವ ಹಳೇ ಅರ, ಮತ್ತೆ ದಾರಿಯಲ್ಲಿ ಬಿದ್ದಿದ್ದ ಬೆಣಚು ಕಲ್ಲು.

ಆ ಅರದಲ್ಲೂ ಒಂದು ಸಲ ಮೋಸ ಹೋದೆ. ಕುಲುಮೆಗೆ ಕೊಟ್ಟು ಕೈಹಿಡಿಯ ಹಾಗೆ ಬಗ್ಗಿಸಿಕೊಂಡು ಬಂದೆ, 150 ರೂಪಾಯಿ. ಮನೆಗೆ ಬಂದು ಎಷ್ಟು ಬಡಿದರೂ ಒಂದು ಕಿಡಿ ಇಲ್ಲ. ಕಾಯಿಸಿದವರು ಅದನ್ನು ಹಾಗೇ ತಣ್ಣಗಾಗಲು ಬಿಟ್ಟಿದ್ದರು. ಕಬ್ಬಿಣ ಮೆತ್ತಗಾಗಿತ್ತು. ಮತ್ತೆ ಹೋಗಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿಸಿದೆ. ಆಮೇಲೆ ನೋಡಿ, ಕಿಡಿ! ಒಂದು ಅಂಚಿನ ಹಲ್ಲು ಉಜ್ಜಿ ತೆಗೆಯುವುದನ್ನು ಮರೆಯಬೇಡಿ. ಹೊಳೆಯಲ್ಲಿ ಉರುಳಿ ನುಣ್ಣಗಾದ ಬೆಣಚು ಬೇಡ, ಒಡೆದ ಚೂಪು ಅಂಚೇ ಬೇಕು.

ಆದರೆ ನಿಜವಾದ ತಾಪತ್ರಯ ಕಿಡಿಯದ್ದಲ್ಲ, ಆ ಕಿಡಿ ಹಿಡಿದುಕೊಳ್ಳುವ ಒಣ ವಸ್ತುವಿನದು. ಅಕ್ಟೋಬರ್‌ನಲ್ಲಿ ನಮ್ಮ ಕಡೆ ಮಳೆ ಬಿಟ್ಟಿತು ಅಂದರೂ ಮರ ಒಳಗಿನಿಂದ ಬೆವರುತ್ತಲೇ ಇರುತ್ತದೆ. ವಿಡಿಯೋಗಳಲ್ಲಿ ಬರ್ಚ್ ತೊಗಟೆ, ಪೈನ್ ಅಂಟು ಅನ್ನುತ್ತಾರೆ. ಸಿದ್ದಾಪುರದಲ್ಲಿ ಬರ್ಚ್ ಎಲ್ಲಿಂದ ತರಲಿ? ಹತ್ತಿ ಒಯ್ದೆ, ಬ್ಯಾಗಿನೊಳಗೇ ತೇವ ಕುಡಿದು ಕೂತಿತ್ತು. ಹಳೇ ಪಂಚೆ ಹರಿದು ಶೂ ಪಾಲಿಶ್ ಡಬ್ಬಿಯಲ್ಲಿ ಸುಟ್ಟು ಕರಿ ಮಾಡಿದೆ. ಮೊದಲ ಸಲ ಡಬ್ಬಿ ತೆಗೆದರೆ ಒಳಗೆ ಡಾಂಬರಿನಂಥ ಉಂಡೆ. ಪಂಚೆಗೆ ಪಾಲಿಯೆಸ್ಟರ್ ಬೆರೆತಿತ್ತು. ಎರಡನೇ ಸಲ ಸರಿಯಾಯಿತು, ಮೂರನೇ ದಿನಕ್ಕೆ ಅದೂ ಮೆತ್ತಗಾಯಿತು. ಗ್ರಂಥಿಗೆ ಅಂಗಡಿಯ ರಾಳ ಹೊತ್ತಿಕೊಂಡದ್ದು ನಿಜ. ಆ ದಿನ ಅನ್ನ, ಗೊಜ್ಜು, ನನ್ನ ಅಂಗಿ ಎಲ್ಲಕ್ಕೂ ದೇವರ ಕೋಣೆಯ ವಾಸನೆ.

ಉತ್ತರ ತೋಟದಲ್ಲೇ ನಿಂತಿತ್ತು. ತಾಳೆ ಜಾತಿಯ ಬೈನೆ ಮರ. ಎಲೆಯ ದಂಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಕಂದು ಬಣ್ಣದ ಹತ್ತಿಯಂಥ ಪುಡಿ ಅಂಟಿಕೊಂಡಿರುತ್ತದೆ. ಚಕಮಕಿ ಕಾಲದವರಿಗೆ ಇದು ಗೊತ್ತಿತ್ತು. ಮಾವನೂ, "ನಮ್ಮ ಅಜ್ಜ ಬೀಡಿ ಹಚ್ಚಿದ್ದೇ ಇದ್ರಲ್ಲಿ, ಅಷ್ಟೂ ಗೊತ್ತಿಲ್ವನಾ ನಿಂಗೆ?" ಅಂದರು. ಎರಡು ವರ್ಷ ಸುಮ್ನೆ ನೋಡುತ್ತಿದ್ದವರು ಈಗ ಹೇಳುತ್ತಾರೆ! ಅದನ್ನು ಕೆರೆದು ಬಿಸಿಲಿಗೆ ಒಣಗಿಸಬೇಕು. ಆಮೇಲೆ ನಾನು ಅದಕ್ಕೆ ಮನೆಯಲ್ಲಿ ಒಂದು ಸಣ್ಣ ಉಪಚಾರ ಮಾಡುತ್ತೇನೆ. ಏನು ಅಂತ ಹೇಳುವುದಿಲ್ಲ. ಮೂರು ತಿಂಗಳು ಕೈ ಸುಟ್ಟುಕೊಂಡು ಕಲಿತದ್ದು.

ಆ ದಿನ ಬೆಳಿಗ್ಗೆ ಏಳಕ್ಕೆ ಹೆಗ್ಗರಣೆಯಿಂದ ಉಂಚಳ್ಳಿ ಜಲಪಾತಕ್ಕೆ ನಡೆದೆವು. ಐದು ಕಿಲೋಮೀಟರ್. 116 ಮೀಟರ್ ಮೇಲಿಂದ ಬೀಳುವ ಅಘನಾಶಿನಿ ಆಗ ಇನ್ನೂ ಮೈತುಂಬಿಕೊಂಡಿತ್ತು. ಕೆಪ್ಪಜೋಗ ಅಂತ ಹಿರಿಯರು ಕರೆದದ್ದು ಯಾಕೆ ಅಂತ ಭಾವ ಕಿರುಚಿ ಕೇಳಿದ, ನನಗೆ ಕೇಳಿಸಲಿಲ್ಲ. ಕಾಲಿಗೆ ಸುಣ್ಣ ಹಚ್ಚಿಕೊಂಡಿದ್ದರೂ ಉಂಬಳ ಬಿಡಲಿಲ್ಲ. ಕಾಡಿನೊಳಗೆ ಒಲೆ ಹೂಡಲಿಲ್ಲ. ರಿಸರ್ವ್ ಫಾರೆಸ್ಟ್‌ನಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ, ಮತ್ತೆ ಹಾಗೆ ಮಾಡುವವರನ್ನು ಕಂಡರೆ ನನಗಾಗುವುದೂ ಇಲ್ಲ. ವಾಪಸ್ ಬಂದು ಮಾವನ ತೋಟದ ಹಳ್ಳದ ಪಕ್ಕ ಕೂತೆವು.

ಎಡಗೈಯಲ್ಲಿ ಕಲ್ಲು, ಅದರ ಅಂಚಿನ ಮೇಲೆ ಬೆರಳಲ್ಲಿ ಒತ್ತಿ ಹಿಡಿದ ಒಂದು ಚಿಟಿಕೆ ಬೈನೆ ಹತ್ತಿ. ಬಲಗೈಯಲ್ಲಿ ಅರ. ಎಂಟೋ ಒಂಬತ್ತೋ ಏಟು. ಒಂದು ಕಿಡಿ ಹತ್ತಿಯ ಮೇಲೆ ಕೂತಿತು, ಸಾಸಿವೆ ಕಾಳಿನಷ್ಟು ಕೆಂಪು. ಊದಲಿಲ್ಲ. ಸುಮ್ನೆ ನೋಡಿದೆ. ಅದೇ ಅಗಲವಾಗುತ್ತಾ ಹೋಯಿತು. ನಿಂತಲ್ಲೇ ಒಣಗಿದ ಬಿದಿರನ್ನು ಚಾಕುವಿನ ಬೆನ್ನಿನಿಂದ ಕೆರೆದು ಉಂಡೆ ಮಾಡಿಟ್ಟಿದ್ದೆ. ಅದರ ನಡುವೆ ಇಟ್ಟು, ಮುಖದ ಮಟ್ಟಕ್ಕೆ ಎತ್ತಿ, ಉದ್ದಕ್ಕೆ ಮೆಲ್ಲಗೆ ಊದಿದೆ. ಹೊಗೆ ಬಿಳಿಯಿಂದ ಹಳದಿಗೆ ತಿರುಗಿದಾಗ ಗೊತ್ತಾಯಿತು. ಭಗ್ ಅಂತ ಹೊತ್ತಿತು. ಹುಬ್ಬು ಸ್ವಲ್ಪ ಹೋಯಿತು. ಭಾವ ಏನೂ ಮಾತಾಡಲಿಲ್ಲ.

ಕಟ್ಟಿಗೆ ನೆಲದ್ದು ಒಂದೂ ಇಲ್ಲ, ಎಲ್ಲಾ ಮರದಲ್ಲೇ ಸಿಕ್ಕಿಕೊಂಡಿದ್ದ ಒಣ ಪುರಲೆ. ದಪ್ಪದ್ದನ್ನು ಸೀಳಿ ಒಳಮೈ ಬೆಂಕಿಗೆ ಮುಖ ಮಾಡಿಟ್ಟೆ. ಒಲೆಗೆ ಕಲ್ಲು ಹಳ್ಳದಿಂದ ತರಬೇಡಿ. ಹೋದ ವರ್ಷ ನೀರೊಳಗಿನ ಕಲ್ಲು ಇಟ್ಟಿದ್ದೆ. ಅರ್ಧ ಗಂಟೆಗೆ ಫಟ್ ಅಂತ ಸಿಡಿದು ಚೂರು ನನ್ನ ಕಿವಿ ಪಕ್ಕವೇ ಹೋಯಿತು. ಈ ಸಲ ತೋಟದ ಪಾಗಾರದ ಮೂರು ಒಣ ಕಲ್ಲು.

ಹಸಿ ಬಿದಿರಿನ ಅಂಡೆಯಲ್ಲಿ ಅನ್ನ. ಒಂದು ಗಂಟೆ ನೆನೆದ ಅಕ್ಕಿ ಅರ್ಧ, ಅದರ ಮೇಲೆ ಎರಡು ಬೆರಳು ನೀರು, ಬಾಯಿಗೆ ಬಾಳೆಎಲೆಯ ಸಡಿಲ ಬಿರಡೆ. ಬಿಗಿಯಾಗಿ ಮುಚ್ಚಿದರೆ ಪಟಾಕಿ. ಓರೆಯಾಗಿ ಇಟ್ಟು ಐದು ನಿಮಿಷಕ್ಕೊಮ್ಮೆ ತಿರುಗಿಸಿದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಸೀಳಿದಾಗ ಅನ್ನಕ್ಕೆ ಬಿದಿರಿನ ತೆಳ್ಳನೆ ಪೊರೆ ಅಂಟಿಕೊಂಡು ಬಂತು. ಕೆಂಡದಲ್ಲಿ ಬದನೆಕಾಯಿ ಸುಟ್ಟು, ಸೂಜಿಮೆಣಸು, ಉಪ್ಪು, ಕೊಬ್ಬರಿ ಎಣ್ಣೆ ಹಾಕಿ ಕಿವುಚಿದ ಗೊಜ್ಜು. ಜೊತೆಗೆ ಮನೆಯಿಂದ ತಂದ ಅಪ್ಪೆಮಿಡಿ. ಅಕ್ಕಿಹಿಟ್ಟು, ತುರಿದ ಸೌತೆಕಾಯಿ, ಬೆಲ್ಲ, ಕಾಯಿತುರಿ ಕಲಸಿ ಅರಿಶಿನ ಎಲೆಯಲ್ಲಿ ಸುತ್ತಿ ಬಿಸಿ ಬೂದಿಯಲ್ಲಿ ಹುಗಿದೆ. ನಾಲ್ಕರಲ್ಲಿ ಒಂದು ಇದ್ದಿಲಾಯಿತು, ಅದನ್ನು ನಾನು ತಿಂದೆ.

ನಡುವೆ ಇನ್ನೊಂದು ಹುಚ್ಚು ಪ್ರಯೋಗ. ಸ್ವಲ್ಪ ಕೆಂಡವನ್ನು ಒಣ ಅಡಿಕೆ ಸಿಪ್ಪೆಯಲ್ಲಿ ಮುಚ್ಚಿ, ಹಸಿ ಅಡಿಕೆ ಹಾಳೆಯಲ್ಲಿ ಕಟ್ಟಿ ಕೈಯಲ್ಲಿ ಹಿಡಿದು ತೋಟದ ದಾರಿಯಲ್ಲಿ ಓಡಾಡಿದೆ. ಒಂದೂಕಾಲು ಗಂಟೆ ಜೀವ ಹಿಡಿದಿತ್ತು. ಎದುರಿಗೆ ಸಿಕ್ಕವರೊಬ್ಬರು ಹೊಗೆ ನೋಡಿ, "ಜೇನು ತೆಗೆಯೋಕಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ, ವಿವರಿಸುವುದು ಯಾರಿಗೆ ಬೇಕು. ಯಜ್ಞದ ಅರಣಿಯ ಥರ ಕಟ್ಟಿಗೆಗೆ ಕಟ್ಟಿಗೆ ಕಡೆದು ಬೆಂಕಿ ತೆಗೆಯುವ ಪ್ರಯತ್ನವೂ ಆಗಿದೆ. ದಾಸವಾಳದ ಕೋಲು, ಹಾಲುವಾಣದ ಹಲಗೆ. ಈವರೆಗೆ ಬಂದದ್ದು ಕಪ್ಪು ಪುಡಿ, ಹೊಗೆ, ಅಂಗೈಯಲ್ಲಿ ಆರು ಬೊಬ್ಬೆ. ಜನವರಿಯಲ್ಲಿ, ಗಾಳಿ ಒಣಗಿದ ಮೇಲೆ, ಮತ್ತೆ ಕೂರುತ್ತೇನೆ.

ಮೂರು ಗಂಟೆಗೆ ಬೆಲ್ಲದ ಕಾಫಿ ಕುಡಿದು ಎದ್ದೆವು. ಭಾವ ಅರ ಇಸಿದುಕೊಂಡು ಇಪ್ಪತ್ತು ನಿಮಿಷ ಬಡಿದ, ಬೆರಳಿನ ಗೆಣ್ಣಿನ ಚರ್ಮ ಹೋಯಿತು, ಹತ್ತಿ ಹೊತ್ತಲಿಲ್ಲ. ಅವನ ಕೈಗೆ ಕೊಟ್ಟದ್ದು ಉಪಚಾರ ಮಾಡದ ಹತ್ತಿ. ಅದನ್ನು ಇನ್ನೂ ಹೇಳಿಲ್ಲ. ಮೂರು ಕೊಡ ನೀರು ಸುರಿದು, ಕೋಲಲ್ಲಿ ಕೆದಕಿ, ಬೂದಿಗೆ ಕೈಹಾಕಿ ನೋಡಿದೆ. ತಣ್ಣಗಿತ್ತು. ಉಂಡ ಹಾಳೆಗಳನ್ನು ಗೊಬ್ಬರದ ಗುಂಡಿಗೆ ಹಾಕಿ ಕಲ್ಲು ಮೂರನ್ನೂ ಪಾಗಾರಕ್ಕೆ ವಾಪಸ್ ಇಟ್ಟೆವು.