ಅಂಗವೈಕಲ್ಯದ ಕೇಸ್ ಹೈಕೋರ್ಟಲ್ಲಿ ವಜಾ ಆಯ್ತಾ? ಮುಂದೆ ಹೀಗ್ ಮಾಡಿ

ಸರ್ಕಾರಿ ಸಂಸ್ಥೇಲಿ ಕೆಲ್ಸದಲ್ಲಿದ್ದಾಗ ಕಣ್ಣೋ ಕೈಯೋ ಹೋಗಿ, ಅದಕ್ಕೇ ಮನೆಗೆ ಕಳ್ಸಿದ್ರು ಅಂತ ನೀವು ರಿಟ್ (ಸರ್ಕಾರದ ಕ್ರಮ ಪ್ರಶ್ನಿಸಿ ಹೈಕೋರ್ಟಿಗೆ ಹಾಕೋ ಅರ್ಜಿ) ಹಾಕಿ, ಕರ್ನಾಟಕ ಹೈಕೋರ್ಟ್ ಏಕಸದಸ್ಯ ಪೀಠ ಅದನ್ನ ವಜಾ ಮಾಡಿದ್ರೆ ಅಲ್ಲಿಗೇ ಮುಗೀಲಿಲ್ಲ, ಅದೇ ಕೋರ್ಟಲ್ಲಿ ಇಬ್ರು ಜಡ್ಜ್ ಮುಂದೆ ರಿಟ್ ಅಪೀಲ್ ಹಾಕ್ಬೋದು. ಟೈಮ್ ಬರೀ 30 ದಿನ. ಮೊದ್ಲು ವಜಾ ಆರ್ಡರಿನ ಸರ್ಟಿಫೈಡ್ ಕಾಪಿಗೆ (ಕೋರ್ಟೇ ದೃಢೀಕರಿಸಿ ಕೊಡೋ ನಕಲು) ಅರ್ಜಿ ಕೊಡಿ, ಕಾಪಿ ಕೈಗೆ ಬರೋಕೆ ಹಿಡಿದ ದಿನ ಲೆಕ್ಕಕ್ಕಿಲ್ಲ, ಹಾಗಂತ ಸುಮ್ನೆ ಕೂರ್ಬೇಡಿ. ತಡ ಆಗಿದ್ರೆ ಕಾರಣ ಬರ್ದು ವಿಳಂಬ ಮನ್ನಿಸೋಕೆ ಬೇರೆ ಅರ್ಜಿ ಹಾಕ್ಬೇಕು.

ಆಮೇಲೆ ಪೆನ್ ಹಿಡ್ಕೊಂಡು ಆರ್ಡರ್ ಓದಿ. ಯಾಕೆ ವಜಾ? ತಡವಾಗಿ ಬಂದ್ರಿ ಅಂತಲಾ, ಅಂಗವೈಕಲ್ಯದ ಸರ್ಟಿಫಿಕೇಟ್ ಇಲ್ಲ ಅಂತಲಾ, ಇಲ್ಲಾ "ಡ್ರೈವರ್ ಕೆಲ್ಸಕ್ಕೆ ಅನ್‌ಫಿಟ್, ತೆಗ್ದಿದ್ದು ಸರಿ" ಅಂತಲಾ? ಕೊನೇದಾದ್ರೆ ನಿಮ್ ವಾದ ಗಟ್ಟಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸೆಕ್ಷನ್ 20(4) ಪ್ರಕಾರ ಆ ಕೆಲ್ಸ ಆಗ್ದಿದ್ರೆ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡ್ಬೇಕು, ಯಾವ್ದೂ ಇಲ್ದಿದ್ರೆ ಸಿಗೋವರ್ಗೂ ಅಥವಾ ರಿಟೈರ್ ಆಗೋವರ್ಗೂ ಸೂಪರ್‌ನ್ಯೂಮರರಿ ಹುದ್ದೇಲಿ (ಮಂಜೂರಾದ ಹುದ್ದೆಗಳ ಮೇಲೆ ಹೆಚ್ಚುವರಿಯಾಗಿ ಮಾಡ್ಕೊಡೋ ಹುದ್ದೆ) ಇಟ್ಕೋಬೇಕು. ಹಳೇ 1995ರ ಕಾಯ್ದೆ ಇದ್ದಾಗ್ಲೇ ಸುಪ್ರೀಂ ಕೋರ್ಟ್ 2003ರಲ್ಲಿ ಕುನಾಲ್ ಸಿಂಗ್ ಕೇಸಲ್ಲಿ ನೌಕರನ ಪರ ನಿಂತಿತ್ತು, ಅದನ್ನೂ ಲಗತ್ತಿಸಿ. ಅನ್ಯಾಯ ಅನ್ಯಾಯ ಅಂತ ಪುಟಗಟ್ಲೆ ಬರೆಸೋದ್ರಿಂದ ಏನೂ ಗಿಟ್ಟಲ್ಲ, ಆರ್ಡರಿನ ಇಂಥ ಪ್ಯಾರಾದಲ್ಲಿ 20(4) ಪರಿಗಣಿಸಿಲ್ಲ ಅಂತ ನೇರವಾಗಿ ಬರೀರಿ.

ಖಾಸಗಿ ಕಂಪ್ನಿಯವ್ರಿಗೆ ಈ 20(4) ಸಿಗಲ್ಲ, ಬೇಜಾರಿನ ವಿಷ್ಯ. ಲಾಯರ್ ಫೀಸಿಗೆ ಕಷ್ಟ ಅಂದ್ರೆ ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಹೋಗಿ, ಅಂಗವೈಕಲ್ಯ ಇರೋರಿಗೆ ಆದಾಯ ಎಷ್ಟೇ ಇದ್ರೂ ಉಚಿತ. ಅಪೀಲೂ ಬಿದ್ದೋದ್ರೆ ಸುಪ್ರೀಂ ಕೋರ್ಟಿಗೆ ಎಸ್‌ಎಲ್‌ಪಿ (ಅಪೀಲಿಗೆ ವಿಶೇಷ ಅನುಮತಿ ಕೇಳೋ ಅರ್ಜಿ), ಅದಕ್ಕೆ 90 ದಿನ.